ಹಾರ್ಡ್ ಡಿಸ್ಕ್ ಬಗ್ಗೆ ನಮ್ಮ ಅಂಗಡಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದ ದುರ್ಗಿಗುಡಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡು ಹದಿನೆಂಟು ವರ್ಷ ಆಯ್ತು. ತೀರ್ಥಹಳ್ಳಿ, ಸಾಗರ, ಹೊಸನಗರ, ಸೊರಬ, ಎಲ್ಲಾ ಕಡೆಯಿಂದ ಜನ ಬರುತ್ತಾರೆ. ಕೈಯಲ್ಲಿ ಹಾರ್ಡ್ ಡಿಸ್ಕ್, ಬಾಯಲ್ಲಿ ಅವೇ ಪ್ರಶ್ನೆಗಳು. ಗಿರಾಕಿ ಜಾಸ್ತಿ ಇದ್ದ ದಿನ ಅರ್ಧ ಉತ್ತರ ಹೇಳಿ ಕಳಿಸಿಬಿಡುತ್ತೇನೆ, ಆಮೇಲೆ ರಾತ್ರಿ ಅದೇ ನೆನಪಾಗುತ್ತದೆ. ಆ ಉತ್ತರಗಳನ್ನೆಲ್ಲ ಪೂರ್ತಿಯಾಗಿ ಇಲ್ಲಿ ಬರೆದಿದ್ದೇನೆ.

ಹಾರ್ಡ್ ಡಿಸ್ಕ್ ಒಳಗೆ ಏನಿದೆ?

ನಮ್ಮ ಮೇಜಿನ ಮೇಲೆ ಮುಚ್ಚಳ ತೆಗೆದ ಒಂದು ಹಳೆಯ ಹಾರ್ಡ್ ಡಿಸ್ಕ್ ಯಾವಾಗಲೂ ಇರುತ್ತದೆ. ಕೆಟ್ಟು ಹೋದದ್ದು. ಅಂಗಡಿಗೆ ಬಂದ ಮಕ್ಕಳು ಮೊದಲು ಅದರಲ್ಲಿ ಮುಖ ನೋಡಿಕೊಳ್ಳುತ್ತಾರೆ. ಒಳಗಿನ ತಟ್ಟೆ ಅಷ್ಟು ನುಣುಪು, ಕನ್ನಡಿಯ ಹಾಗೆ.

ಆ ತಟ್ಟೆ ಅಲ್ಯೂಮಿನಿಯಂದು. ಕೆಲವು ಡಿಸ್ಕ್‌ಗಳಲ್ಲಿ, ಮುಖ್ಯವಾಗಿ ಲ್ಯಾಪ್‌ಟಾಪ್‌ನ ಚಿಕ್ಕವುಗಳಲ್ಲಿ, ಗಾಜಿನದು ಇರುತ್ತದೆ. ಅದರ ಮೇಲೆ ಕೋಬಾಲ್ಟ್ ಬೆರೆಸಿದ ಲೋಹದ ತೀರಾ ತೆಳುವಾದ ಲೇಪ ಇದೆ. ನಿಮ್ಮ ಡೇಟಾ ಇರುವುದು ಆ ಲೇಪದಲ್ಲಿ. ತಟ್ಟೆಯ ಪಕ್ಕದಲ್ಲಿ ಒಂದು ಕೈ ಇದೆ, ಅದರ ತುದಿಯಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಒಂದು ತುಣುಕು. ಅದನ್ನು ಹೆಡ್ ಅನ್ನುತ್ತಾರೆ. ಓದುವುದೂ ಬರೆಯುವುದೂ ಅದೇ. ಕೈಯನ್ನು ಆಡಿಸುವುದಕ್ಕೆ ಹಿಂದೆ ಒಂದು ತಂತಿ ಸುರುಳಿ, ಅದರ ಮೇಲೆ ಕೆಳಗೆ ಜೋರಾದ ಅಯಸ್ಕಾಂತ. ಇಷ್ಟೇ.

ಈ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತದೆ. 7,200 ಅಂದರೆ ಸೆಕೆಂಡಿಗೆ 120 ಸುತ್ತು. ದೊಡ್ಡ ಡಿಸ್ಕ್‌ನ ತಟ್ಟೆಯ ಅಂಚು ಗಂಟೆಗೆ 120 ಕಿಲೋಮೀಟರ್‌ಗೂ ಮೇಲಿನ ವೇಗದಲ್ಲಿ ಓಡುತ್ತಿರುತ್ತದೆ. ಸಾಗರ ರೋಡಿನ ಯಾವ ಬಸ್ಸೂ ಆ ವೇಗಕ್ಕೆ ಹೋಗುವುದಿಲ್ಲ. ಹೆಡ್ ಆ ತಟ್ಟೆಯನ್ನು ಮುಟ್ಟುವುದಿಲ್ಲ. ತಟ್ಟೆ ತಿರುಗುವಾಗ ಏಳುವ ಗಾಳಿಯ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ನಮ್ಮ ತಲೆಕೂದಲು ಸುಮಾರು 80 ಸಾವಿರ ನ್ಯಾನೋಮೀಟರ್ ದಪ್ಪ. ಈಗ ಹೇಳಿ, ಒಂದು ಧೂಳಿನ ಕಣ ಆ ಸಂದಿಗೆ ಹೋದರೆ ಏನಾಗಬಹುದು? ಅದಕ್ಕೇ ಮನೆಯಲ್ಲಿ ಹಾರ್ಡ್ ಡಿಸ್ಕ್ ಮುಚ್ಚಳ ಬಿಚ್ಚಬೇಡಿ ಅಂತ ನಾನು ಕೈಮುಗಿದು ಹೇಳುವುದು.

ಫೋಟೊ, ಹಾಡು ಎಲ್ಲ ಆ ತಟ್ಟೆ ಮೇಲೆ ಹೇಗೆ ಕೂರುತ್ತದೆ?

ಕಂಪ್ಯೂಟರ್‌ಗೆ ಎಲ್ಲವೂ 0 ಮತ್ತು 1. ಅಂಥ ಒಂದು 0 ಅಥವಾ 1 ಅಂದರೆ ಒಂದು ಬಿಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್.

ತಟ್ಟೆಯ ಲೇಪದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಲೋಹದ ಹರಳುಗಳಿವೆ. ಹೆಡ್ ತಾನು ಹಾದು ಹೋಗುವ ಜಾಗದ ಹರಳುಗಳನ್ನು ಪುಟ್ಟ ಅಯಸ್ಕಾಂತಗಳನ್ನಾಗಿ ಮಾಡಿ ಒಂದು ದಿಕ್ಕಿಗೆ ತಿರುಗಿಸುತ್ತದೆ. ಹೀಗೆ ಅಂದುಕೊಳ್ಳಿ: ದಿಕ್ಕು ಬದಲಾದ ಕಡೆ 1, ಬದಲಾಗದೆ ಹಾಗೇ ಮುಂದುವರಿದ ಕಡೆ 0. ಓದುವಾಗ ಹೆಡ್ ಆ ಬದಲಾವಣೆಗಳನ್ನು ಗುರುತಿಸುತ್ತಾ ಹೋಗುತ್ತದೆ. ಕರೆಂಟ್ ಹೋದರೂ ಅಯಸ್ಕಾಂತದ ದಿಕ್ಕು ಹಾಗೇ ಉಳಿಯುತ್ತದೆ ಅಲ್ವಾ, ಅದಕ್ಕೇ ನಿಮ್ಮ ಫೈಲೂ ಉಳಿಯುತ್ತದೆ. ಈಗಿನ ದೊಡ್ಡ ಡಿಸ್ಕ್‌ಗಳಲ್ಲಿ ಒಂದು ಚದರ ಇಂಚು ಜಾಗದಲ್ಲಿ ಸುಮಾರು ಒಂದು ಲಕ್ಷ ಕೋಟಿ ಬಿಟ್ ಹಿಡಿಯುತ್ತದೆ.

ಇಷ್ಟು ಸಣ್ಣ ಅಯಸ್ಕಾಂತವನ್ನು ಓದುವುದು ಸುಲಭದ ಮಾತಲ್ಲ. 1988ರಲ್ಲಿ ಫ್ರಾನ್ಸ್‌ನ ಆಲ್ಬರ್ಟ್ ಫೆರ್ಟ್ ಮತ್ತು ಜರ್ಮನಿಯ ಪೀಟರ್ ಗ್ರೂನ್‌ಬರ್ಗ್ ಬೇರೆ ಬೇರೆಯಾಗಿ ಒಂದು ಸಂಗತಿ ಕಂಡುಹಿಡಿದರು. ತೀರಾ ತೆಳುವಾದ ಲೋಹದ ಪದರಗಳನ್ನು ಒಂದರ ಮೇಲೊಂದು ಜೋಡಿಸಿದರೆ, ಸಣ್ಣ ಅಯಸ್ಕಾಂತದ ಸುಳಿವಿಗೂ ಅವುಗಳ ವಿದ್ಯುತ್ ತಡೆ ತುಂಬಾ ಬದಲಾಗುತ್ತದೆ ಅನ್ನುವುದು. 1997ರ ಹೊತ್ತಿಗೆ ಅದನ್ನು ಬಳಸಿದ ಹೆಡ್‌ಗಳು ಮಾರುಕಟ್ಟೆಗೆ ಬಂದವು, ಡಿಸ್ಕ್‌ನ ಸಾಮರ್ಥ್ಯ ಸರಸರ ಏರಿತು. ಇಬ್ಬರಿಗೂ 2007ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಅದೇ ವರ್ಷ ಮೊದಲ 1 ಟಿಬಿ ಹಾರ್ಡ್ ಡಿಸ್ಕ್ ಕೂಡ ಮಾರಾಟಕ್ಕೆ ಬಂತು. ನನಗೆ ಇದು ತುಂಬಾ ಇಷ್ಟದ ಕಥೆ.

ಇಷ್ಟೊಂದರಲ್ಲಿ ನನ್ನ ಫೈಲ್ ಎಲ್ಲಿದೆ ಅಂತ ಅದಕ್ಕೆ ಹೇಗೆ ಗೊತ್ತಾಗುತ್ತದೆ?

ಗ್ರಾಮಫೋನ್ ತಟ್ಟೆಯಲ್ಲಿ ಒಂದೇ ಒಂದು ಉದ್ದನೆಯ ಸುರುಳಿ ಇರುತ್ತದೆ. ಹಾರ್ಡ್ ಡಿಸ್ಕ್‌ನಲ್ಲಿ ಹಾಗಲ್ಲ. ಕೆರೆಗೆ ಕಲ್ಲು ಹಾಕಿದಾಗ ಏಳುವ ಅಲೆಯ ಹಾಗೆ ಒಂದರೊಳಗೊಂದು ಸುತ್ತು. ಈ ಸುತ್ತಿಗೆ ಟ್ರ್ಯಾಕ್ ಅನ್ನುತ್ತಾರೆ. ಒಂದೊಂದು ಟ್ರ್ಯಾಕನ್ನೂ ಸೆಕ್ಟರ್ ಅನ್ನುವ ತುಂಡುಗಳಾಗಿ ಮಾಡಿರುತ್ತಾರೆ. ಮೊದಲು ಒಂದು ಸೆಕ್ಟರ್ ಅಂದರೆ 512 ಬೈಟ್ ಇತ್ತು, ಈಗಿನವುಗಳಲ್ಲಿ ಹೆಚ್ಚಾಗಿ 4,096 ಬೈಟ್. ಹೊರಗಿನ ಸುತ್ತು ದೊಡ್ಡದು, ಅದರಲ್ಲಿ ಸೆಕ್ಟರ್ ಜಾಸ್ತಿ. ಅದಕ್ಕೇ ಡಿಸ್ಕ್ ಖಾಲಿ ಇದ್ದಾಗ ವೇಗ ಇರುತ್ತದೆ, ತುಂಬುತ್ತಾ ಒಳಸುತ್ತಿಗೆ ಬಂದಾಗ ಸ್ವಲ್ಪ ನಿಧಾನ ಆಗುತ್ತದೆ.

ಪ್ರತಿ ಸೆಕ್ಟರ್‌ಗೂ ಒಂದು ನಂಬರ್ ಇದೆ, ಜಮೀನಿಗೆ ಸರ್ವೆ ನಂಬರ್ ಇದ್ದ ಹಾಗೆ. ಯಾವ ಫೈಲ್ ಯಾವ ನಂಬರಿನಲ್ಲಿದೆ ಅಂತ ಬರೆದಿಟ್ಟ ಪಟ್ಟಿಯೂ ಡಿಸ್ಕ್‌ನಲ್ಲೇ ಇರುತ್ತದೆ. ಅದು ನಮ್ಮ ಪಹಣಿ ಅಂದುಕೊಳ್ಳಿ.

ಹಾಗಾದರೆ ಡಿಲೀಟ್ ಮಾಡಿದ್ದು ವಾಪಸ್ ಬರುತ್ತಾ?

ಡಿಲೀಟ್ ಅಂದರೆ ಪಹಣಿಯಿಂದ ಹೆಸರು ತೆಗೆದ ಹಾಗೆ. ತೋಟ ಅಲ್ಲೇ ಇದೆ, ಮರ ಅಲ್ಲೇ ಇವೆ. ಬೇರೆ ಯಾರಾದರೂ ಆ ಜಾಗದಲ್ಲಿ ಹೊಸದಾಗಿ ನೆಟ್ಟಾಗಲೇ ಹಳೆಯದು ಹೋಗುವುದು. ಡಿಸ್ಕನ್ನು ಹೊಸದಾಗಿ ಸಿದ್ಧಪಡಿಸುವ ಕ್ವಿಕ್ ಫಾರ್ಮ್ಯಾಟ್ ಕೂಡ ಹಾಗೇ, ಪಟ್ಟಿ ಮಾತ್ರ ಹೊಸದಾಗುತ್ತದೆ. ಹಾಗಾಗಿ ತಪ್ಪಿ ಅಳಿಸಿದರೆ ಆ ಡಿಸ್ಕ್‌ಗೆ ಮತ್ತೆ ಏನನ್ನೂ ಕಾಪಿ ಮಾಡಬೇಡಿ. ಫೈಲ್ ವಾಪಸ್ ತರುವ ಪ್ರೋಗ್ರಾಂ ಅನ್ನು ಕೂಡ ಅದೇ ಡಿಸ್ಕ್‌ಗೆ ಹಾಕಬೇಡಿ. ಬಿಚ್ಚಿ ತೆಗೆದಿಡಿ, ಆಮೇಲೆ ಗೊತ್ತಿದ್ದವರ ಹತ್ತಿರ ತನ್ನಿ. ಎಸ್ಎಸ್‌ಡಿಯಲ್ಲಿ, ಅಂದರೆ ತಿರುಗುವ ತಟ್ಟೆಯ ಬದಲು ಚಿಪ್‌ನಲ್ಲಿ ಡೇಟಾ ಇಡುವ ಡ್ರೈವ್‌ನಲ್ಲಿ, ಈ ಆಸೆ ಕಡಿಮೆ. ಖಾಲಿ ಆದ ಜಾಗವನ್ನು ಅದು ತಾನೇ ಬೇಗ ಒರೆಸಿಬಿಡುತ್ತದೆ.

1 ಟಿಬಿ ಅಂತ ದುಡ್ಡು ಕೊಟ್ಟಿದ್ದೇನೆ. 931 ಜಿಬಿ ತೋರಿಸುತ್ತಿದೆ. ಉಳಿದದ್ದು ಎಲ್ಲಿ ಹೋಯಿತು?

ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದೇ. ಕೆಲವರು ಸಿಟ್ಟಿನಿಂದಲೇ ಬರುತ್ತಾರೆ. "ಸಾರ್, 69 ಜಿಬಿ ಯಾರು ತಿಂದ್ರು?" ಅಂತ. ಮೋಸ ಹೋದೆ ಅನ್ನುವ ಬೇಜಾರು ಅವರ ಮುಖದಲ್ಲಿ ಕಾಣುತ್ತದೆ, ಅದಕ್ಕೆ ನಿಧಾನವಾಗಿ ಹೇಳುತ್ತೇನೆ.

ಒಂದು ಬೈಟೂ ಎಲ್ಲೂ ಹೋಗಿಲ್ಲ. ಹಸಿ ಅಡಿಕೆ ಬೇಯಿಸಿ ಒಣಗಿಸಿದಾಗ ತೂಕ ಇಳಿಯುತ್ತದಲ್ಲ, ಇದು ಆ ಥರದ ನಷ್ಟ ಅಲ್ಲ. ಶಿವಮೊಗ್ಗದಿಂದ ಸಾಗರಕ್ಕೆ ಸುಮಾರು 72 ಕಿಲೋಮೀಟರ್. ಅದನ್ನೇ ಹಳೆಯ ಲೆಕ್ಕದಲ್ಲಿ ಹೇಳಿದರೆ ಸುಮಾರು 45 ಮೈಲಿ. ದಾರಿ ಏನು ಕುಗ್ಗಿಲ್ಲ. ಅಳತೆಯ ಕೋಲು ಬದಲಾಯಿತು, ಅಷ್ಟೇ.

ಡಿಸ್ಕ್ ಮಾಡುವ ಕಂಪನಿಯವರು ಸಾವಿರದ ಲೆಕ್ಕ ಹಿಡಿಯುತ್ತಾರೆ. ಕಿಲೋ ಅಂದರೆ ಎಲ್ಲೆಲ್ಲೂ ಸಾವಿರವೇ ತಾನೇ? 1,000 ಬೈಟ್‌ಗೆ 1 ಕೆಬಿ, 1,000 ಕೆಬಿಗೆ 1 ಎಂಬಿ, ಹೀಗೆ. ಆ ಲೆಕ್ಕದಲ್ಲಿ 1 ಜಿಬಿ ಅಂದರೆ 100 ಕೋಟಿ ಬೈಟ್. 1 ಟಿಬಿ ಅಂದರೆ ಒಂದು ಲಕ್ಷ ಕೋಟಿ ಬೈಟ್.

ವಿಂಡೋಸ್ ಮಾತ್ರ 1,024ರ ಲೆಕ್ಕ ಹಿಡಿಯುತ್ತದೆ. 2ನ್ನು ಹತ್ತು ಸಲ ಗುಣಿಸಿದರೆ 1,024 ಬರುತ್ತದೆ. ರ‍್ಯಾಮ್ ಚಿಪ್‌ನಲ್ಲಿ (ಕಂಪ್ಯೂಟರ್ ಕೆಲಸ ಮಾಡುವಾಗ ಡೇಟಾವನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಚಿಪ್) ಜಾಗದ ವಿಳಾಸ ಹೇಳುವ ಒಂದೊಂದು ತಂತಿ ಹೆಚ್ಚಾದ ಹಾಗೂ ಜಾಗ ಎರಡರಷ್ಟಾಗುತ್ತದೆ, ಹಾಗಾಗಿ ಅಲ್ಲಿ 1,024 ಸಹಜವಾದ ಲೆಕ್ಕ. ಸಾವಿರಕ್ಕೆ ಹತ್ತಿರ ಇದೆಯಲ್ಲ ಅಂತ ಅದನ್ನೂ ಕಿಲೋ ಅಂದೇ ಕರೆಯುತ್ತಾ ಬಂದರು. ಗೊಂದಲ ಶುರುವಾದದ್ದು ಅಲ್ಲಿ. ವಿಂಡೋಸ್ ಲೆಕ್ಕದಲ್ಲಿ 1 ಜಿಬಿ ಅಂದರೆ 1,024ನ್ನು ಮೂರು ಸಲ ಗುಣಿಸಬೇಕು: 107 ಕೋಟಿ 37 ಲಕ್ಷ 41 ಸಾವಿರದ 824 ಬೈಟ್. ಈಗ ಒಂದು ಲಕ್ಷ ಕೋಟಿಯನ್ನು ಇದರಿಂದ ಭಾಗಿಸಿ. 931 ಬರುತ್ತದೆ.

ನಂಬಿಕೆ ಬರದಿದ್ದರೆ ಡಿಸ್ಕ್ ಮೇಲಿನ ಚೀಟಿ ನೋಡಿ. 1 ಟಿಬಿ ಡಿಸ್ಕ್‌ಗಳ ಮೇಲೆ ಸಾಮಾನ್ಯವಾಗಿ 1953525168 ಅಂತ ಒಂದು ಉದ್ದದ ಸಂಖ್ಯೆ ಇರುತ್ತದೆ. ಅದು ಸೆಕ್ಟರ್‌ಗಳ ಲೆಕ್ಕ, ಚೀಟಿಯಲ್ಲಿ ಈಗಲೂ ಹಳೆಯ 512 ಬೈಟ್ ಸೆಕ್ಟರ್ ಲೆಕ್ಕದಲ್ಲೇ ಎಣಿಸಿರುತ್ತಾರೆ. ಅದನ್ನು 512ರಿಂದ ಗುಣಿಸಿ. 10,00,20,48,86,016 ಬೈಟ್ ಬರುತ್ತದೆ. ಅಂದರೆ ಒಂದು ಲಕ್ಷ ಕೋಟಿಯ ಮೇಲೆ ಇನ್ನೂ 20 ಕೋಟಿ ಬೈಟ್ ಜಾಸ್ತಿಯೇ ಇದೆ. ಮೊನ್ನೆ ಹೊಸನಗರ ಕಡೆಯ ಒಬ್ಬ ಮೇಷ್ಟ್ರಿಗೆ ಕಾಗದದ ಮೇಲೆ ಹೀಗೇ ಗುಣಾಕಾರ ಮಾಡಿ ತೋರಿಸಿದೆ. ಅವರು ತಾವೂ ಒಂದು ಸಲ ಕೂತು ಮಾಡಿ, ಸರಿ ಬಂದ ಮೇಲೆ ಆ ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಶಾಲೆಯಲ್ಲಿ ತೋರಿಸುತ್ತೇನೆ ಅಂದರು.

ಅಳತೆ ದೊಡ್ಡದಾದಷ್ಟೂ ಈ ಅಂತರವೂ ಬೆಳೆಯುತ್ತದೆ. ಕೆಬಿಯಲ್ಲಿ ನೂರಕ್ಕೆ ಎರಡೂವರೆಯಷ್ಟೂ ಇಲ್ಲ. ಜಿಬಿಯಲ್ಲಿ ಏಳು ದಾಟುತ್ತದೆ, ಟಿಬಿಗೆ ಬಂದಾಗ ಹತ್ತಿರ ಹತ್ತಿರ ಹತ್ತು. ಅದಕ್ಕೇ ಹಳೆಯ ಸಣ್ಣ ಡಿಸ್ಕ್‌ಗಳ ಕಾಲದಲ್ಲಿ ಯಾರೂ ಗಮನಿಸಲಿಲ್ಲ. ಅಂದಾಜಿಗೆ ಇಟ್ಟುಕೊಳ್ಳಿ: 500 ಜಿಬಿ ಡಿಸ್ಕ್ 465 ಜಿಬಿ ತೋರಿಸುತ್ತದೆ, 2 ಟಿಬಿ 1.81 ಟಿಬಿ, 4 ಟಿಬಿ 3.63 ಟಿಬಿ. ಇದಕ್ಕಿಂತ ತುಂಬಾ ಕಡಿಮೆ ತೋರಿಸಿದರೆ ಮಾತ್ರ ತನ್ನಿ. ಹೆಚ್ಚಾಗಿ ಇನ್ನೊಂದು ಪಾರ್ಟಿಷನ್, ಅಂದರೆ ಡಿಸ್ಕ್‌ನಲ್ಲಿ ಬೇರೆ ಮಾಡಿಟ್ಟ ಭಾಗ, ಅಡಗಿರುತ್ತದೆ.

ಇದನ್ನು ಯಾರೂ ಸರಿ ಮಾಡಲಿಲ್ಲವಾ?

ಪ್ರಯತ್ನ ಆಗಿದೆ. 1998ರಲ್ಲಿ ವಿದ್ಯುತ್ ಉಪಕರಣಗಳ ಮಾನದಂಡ ಗೊತ್ತುಮಾಡುವ ಅಂತರರಾಷ್ಟ್ರೀಯ ಸಂಸ್ಥೆ 1,024ರ ಲೆಕ್ಕಕ್ಕೆ ಬೇರೆ ಹೆಸರು ಕೊಟ್ಟಿತು: ಕಿಬಿಬೈಟ್, ಮೆಬಿಬೈಟ್, ಗಿಬಿಬೈಟ್. ಲಿನಕ್ಸ್ ಬಳಸುವವರಿಗೆ ಇವು ಪರಿಚಯ. ಆಪಲ್‌ನವರು 2009ರಿಂದ ತಮ್ಮ ಕಂಪ್ಯೂಟರ್‌ಗಳಲ್ಲಿ ಸಾವಿರದ ಲೆಕ್ಕಕ್ಕೇ ಬಂದರು, ಹಾಗಾಗಿ ನಿಮ್ಮ ಅದೇ ಡಿಸ್ಕ್ ಮ್ಯಾಕ್‌ನಲ್ಲಿ ಪೂರ್ತಿ 1 ಟಿಬಿ ಅಂತಲೇ ಕಾಣುತ್ತದೆ. ವಿಂಡೋಸ್ ಇನ್ನೂ 1,024ರಿಂದ ಭಾಗಿಸಿ ಜಿಬಿ ಅಂತ ಬರೆಯುತ್ತದೆ. ಬರೆಯುವ ಹೆಸರು ಬದಲಾಯಿಸಿದ್ದರೆ ಸಾಕಿತ್ತು, ನಮ್ಮ ಗಿರಾಕಿಗಳ ಅರ್ಧ ಸಿಟ್ಟು ಇಳಿಯುತ್ತಿತ್ತು.

ಹಳೆಯ 1.44 ಎಂಬಿ ಫ್ಲಾಪಿ ನೆನಪಿದೆಯಾ? ಅದರ ಲೆಕ್ಕ ಎರಡೂ ಕಡೆಗೂ ಸೇರಿದ್ದಲ್ಲ. ಅದು 1.44 ಗುಣಿಸು 1,000 ಗುಣಿಸು 1,024. ಒಂದೇ ಸಂಖ್ಯೆಯಲ್ಲಿ ಎರಡೂ ಕೋಲು!

ಒಂದು ಬೈಟ್ ಅಂದರೆ ಒಂದು ಅಕ್ಷರ ಅಂತ ಓದಿದ್ದೆ. ಕನ್ನಡಕ್ಕೂ ಹಾಗೇನಾ?

ಇಲ್ಲ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಈಗ ಹೆಚ್ಚಾಗಿ ಬಳಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟ್ ಬೇಕು. "ಶಿವಮೊಗ್ಗ" ತೆಗೆದುಕೊಳ್ಳಿ. ಶ, ಗುಡಿಸು, ವ, ಮ, ಒಕಾರದ ಗುರುತು, ಗ, ಅರ್ಧಾಕ್ಷರದ ಗುರುತು, ಮತ್ತೆ ಗ. ಎಂಟು ಚಿಹ್ನೆ, 24 ಬೈಟ್. ಅದೇ ಊರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ 10 ಬೈಟ್. ಹಾಗಂತ ಜಾಗ ಉಳಿಸುವುದಕ್ಕೆ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಬೇಡಿ. ದಪ್ಪದ ಕಾದಂಬರಿಯೊಂದರ ಪೂರ್ತಿ ಅಕ್ಷರ ಸೇರಿಸಿದರೂ ಮೊಬೈಲ್‌ನ ಒಂದೆರಡು ಫೋಟೊದಷ್ಟು ಜಾಗ ಹಿಡಿಯುತ್ತದೆ, ಅಷ್ಟೇ.

ನನಗೆ ಎಷ್ಟು ಜಿಬಿ ಬೇಕು?

ಮೊಬೈಲ್ ಫೋಟೊ ಒಂದಕ್ಕೆ 4 ಎಂಬಿ ಹಿಡಿದರೆ 1 ಟಿಬಿಯಲ್ಲಿ ಎರಡೂವರೆ ಲಕ್ಷ ಫೋಟೊ. ಮನೆಗೆ ಧಾರಾಳ. ಮದುವೆ ವಿಡಿಯೋ ಮಾಡುವವರ ಕಥೆ ಬೇರೆ. ಅವರ ಕ್ಯಾಮೆರಾ ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ ಬರೆಯುತ್ತಿದ್ದರೆ ಗಂಟೆಗೆ 45 ಜಿಬಿ, 1 ಟಿಬಿ 22 ಗಂಟೆಗೆ ಮುಗಿಯಿತು. ಇನ್ನು ರಾತ್ರಿಯಿಡೀ ನಡೆಯುವ ತಾಳಮದ್ದಳೆಯನ್ನು ರೆಕಾರ್ಡ್ ಮಾಡುವವರು ನಮ್ಮ ಕಡೆ ಬೇಕಾದಷ್ಟಿದ್ದಾರೆ. ಎಂಟು ಗಂಟೆಯ ಸಾಮಾನ್ಯ ಎಂಪಿ3 ಸುಮಾರು 460 ಎಂಬಿ. ಸಿಡಿ ಗುಣಮಟ್ಟದಲ್ಲಿ ಇಟ್ಟುಕೊಂಡರೆ 5 ಜಿಬಿ. ಮದ್ದಳೆಯ ನಾದ ಚೆನ್ನಾಗಿ ಉಳಿಯಬೇಕಾದರೆ ಎರಡನೆಯದೇ ಒಳ್ಳೆಯದು.

ಫೈಲ್‌ಗಳ ಸೈಜ್ 200 ಎಂಬಿ, ಡಿಸ್ಕ್‌ನಲ್ಲಿ 1 ಜಿಬಿಗೂ ಜಾಸ್ತಿ ಜಾಗ ಹೋಗಿದೆ. ಯಾಕೆ?

ಡಿಸ್ಕ್ ಜಾಗವನ್ನು ಬಿಡಿಬಿಡಿಯಾಗಿ ಕೊಡುವುದಿಲ್ಲ, ಚೀಲದ ಲೆಕ್ಕದಲ್ಲಿ ಕೊಡುತ್ತದೆ. ಚೀಲ ಅರ್ಧ ತುಂಬಿದರೂ ಪೂರ್ತಿ ಚೀಲದ ಜಾಗ ಬೇಕು. ವಿಂಡೋಸ್‌ನ ಎನ್‌ಟಿಎಫ್ಎಸ್‌ನಲ್ಲಿ (ಡಿಸ್ಕ್‌ನಲ್ಲಿ ಫೈಲ್ ಜೋಡಿಸಿಡುವ ಒಂದು ಕ್ರಮ) ಒಂದು ಚೀಲ ಸಾಮಾನ್ಯವಾಗಿ 4 ಕೆಬಿ. 5 ಕೆಬಿ ಫೈಲ್‌ಗೆ ಎರಡು ಚೀಲ, ಅಂದರೆ 8 ಕೆಬಿ. ಎಕ್ಸ್‌ಫ್ಯಾಟ್ ಅನ್ನುವ ಇನ್ನೊಂದು ಕ್ರಮದಲ್ಲಿ ಫಾರ್ಮ್ಯಾಟ್ ಮಾಡಿದ ದೊಡ್ಡ ಡಿಸ್ಕ್‌ಗಳಲ್ಲಿ ಒಂದು ಚೀಲವೇ 128 ಕೆಬಿ. 20 ಕೆಬಿಯ ಹತ್ತು ಸಾವಿರ ಸಣ್ಣ ಚಿತ್ರ ಹಾಕಿದರೆ ನಿಜವಾದ ಡೇಟಾ 200 ಎಂಬಿ, ಹಿಡಿಯುವ ಜಾಗ ಸುಮಾರು ಒಂದೂ ಕಾಲು ಜಿಬಿ. ಎಲ್ಲವನ್ನೂ ಸೇರಿಸಿ ಒಂದೇ ಜಿಪ್ ಫೈಲ್ ಮಾಡಿ ಇಡಿ, ಜಾಗ ಉಳಿಯುತ್ತದೆ.

ಪೆನ್ ಡ್ರೈವ್‌ನಲ್ಲಿ 10 ಜಿಬಿ ಖಾಲಿ ಇದೆ, 5 ಜಿಬಿ ಸಿನಿಮಾ ಹೋಗುತ್ತಿಲ್ಲ.

ಅದು ಫ್ಯಾಟ್32 ಅನ್ನುವ ಹಳೆಯ ಕ್ರಮದಲ್ಲಿದೆ. ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯುವುದಿಲ್ಲ. ಒಳಗಿನದ್ದನ್ನು ಬೇರೆ ಕಡೆ ಕಾಪಿ ಮಾಡಿಕೊಂಡು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ.

ಆನ್‌ಲೈನ್‌ನಲ್ಲಿ ಐನೂರು ರೂಪಾಯಿಗೆ 2 ಟಿಬಿ ಪೆನ್ ಡ್ರೈವ್ ಇದೆ. ತಗೊಳ್ಳಲಾ?

ಬೇಡ. ಒಳಗೆ 16 ಅಥವಾ 32 ಜಿಬಿ ಚಿಪ್ ಇಟ್ಟು, 2 ಟಿಬಿ ಅಂತ ಸುಳ್ಳು ಹೇಳುವ ಹಾಗೆ ಮಾಡಿರುತ್ತಾರೆ. ಕಾಪಿ ಆಗುವಾಗ ಎಲ್ಲ ಸರಿಯಾಗೇ ಕಾಣುತ್ತದೆ. ತೆರೆದು ನೋಡಿದಾಗ ಫೋಟೊ ಬರುವುದಿಲ್ಲ. ಈಗಾಗಲೇ ತಂದಿದ್ದರೆ ಎಚ್‌ಟುಟೆಸ್ಟ್‌ಡಬ್ಲ್ಯು ಅನ್ನುವ ಉಚಿತ ಪ್ರೋಗ್ರಾಂ ಹಾಕಿ ಪೂರ್ತಿ ಬರೆದು ಓದಿಸಿ, ನಿಜ ಗೊತ್ತಾಗುತ್ತದೆ.

ನಮ್ಮ ಮಳೆಗಾಲಕ್ಕೆ ಹಾರ್ಡ್ ಡಿಸ್ಕ್ ತಡೆಯುತ್ತಾ?

ವರ್ಷಕ್ಕೆ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುವ ಆಗುಂಬೆ ಕಡೆಯವರು ಕೇಳಲೇಬೇಕಾದ ಪ್ರಶ್ನೆ. ಒಳಗಿನ ತಟ್ಟೆಗೆ ಅಷ್ಟು ಭಯ ಇಲ್ಲ. ಗಾಳಿ ಆಡುವ ಸಣ್ಣ ತೂತಿಗೆ ಫಿಲ್ಟರ್ ಇರುತ್ತದೆ. ತೊಂದರೆ ಆಗುವುದು ಹೊರಗಿನ ಸರ್ಕ್ಯೂಟ್ ಬೋರ್ಡ್‌ಗೆ. ಜುಲೈ, ಆಗಸ್ಟ್‌ನಲ್ಲಿ ಬರುವ ಡಿಸ್ಕ್‌ಗಳಲ್ಲಿ ಪಿನ್‌ಗಳು ಹಸಿರು ಹಿಡಿದಿರುವುದನ್ನು ತುಂಬಾ ಸಲ ನೋಡಿದ್ದೇನೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ಅಡುಗೆ ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆ ಅಂತ ಅಲ್ಲಿಡುವವರಿದ್ದಾರೆ, ಹೊಗೆ ಮತ್ತು ಜಿಡ್ಡು ಎರಡೂ ಕೆಟ್ಟದ್ದು. ತಣ್ಣಗೆ ಒದ್ದೆ ಅನ್ನಿಸಿದರೆ ಕೂಡಲೇ ಆನ್ ಮಾಡಬೇಡಿ, ಒಂದು ದಿನ ಒಣ ಜಾಗದಲ್ಲಿ ಬಿಡಿ.

ಮಳೆಗಿಂತ ಭಯ ಮೇ ತಿಂಗಳ ಗುಡುಗು ಸಿಡಿಲು. ಮೋಡ ಕಟ್ಟಿದ ಕೂಡಲೇ ಪ್ಲಗ್ ಕೀಳಿ, ಇಂಟರ್ನೆಟ್ ವೈರ್ ಕೂಡ. ಸ್ವಿಚ್ ಆಫ್ ಮಾಡಿದರೆ ಸಾಲದು. ಕರೆಂಟ್ ಹೋಗಿ ಬಂದು ಮಾಡುವ ಊರುಗಳಲ್ಲಿ ಯುಪಿಎಸ್ ಇಲ್ಲದೆ ಡೆಸ್ಕ್‌ಟಾಪ್ ಇಟ್ಟುಕೊಳ್ಳಬೇಡಿ. ಬರೆಯುವ ಹೊತ್ತಿನಲ್ಲಿ ಕರೆಂಟ್ ಹೋದರೆ ಆ ಪಹಣಿಯೇ ಅರ್ಧಕ್ಕೆ ನಿಲ್ಲುತ್ತದೆ.

ಕೊಡಚಾದ್ರಿಗೆ ಲ್ಯಾಪ್‌ಟಾಪ್ ಒಯ್ದರೆ ಎತ್ತರಕ್ಕೆ ತೊಂದರೆ ಆಗುತ್ತಾ?

ಎತ್ತರ ತೊಂದರೆ ಅಲ್ಲ. ಹೆಡ್ ಗಾಳಿಯ ಮೇಲೆ ತೇಲುವುದರಿಂದ ತೀರಾ ಎತ್ತರದಲ್ಲಿ ಗಾಳಿ ಸಾಲದೆ ಹೋಗಬಹುದು. ಆದರೆ ಹೆಚ್ಚಿನ ಡಿಸ್ಕ್‌ಗಳು ಸುಮಾರು 3,000 ಮೀಟರ್‌ವರೆಗೆ ಕೆಲಸ ಮಾಡುತ್ತವೆ, ಕೊಡಚಾದ್ರಿ 1,343 ಮೀಟರ್. ಭಯ ಇರುವುದು ಜೀಪಿನ ದಾರಿಗೆ. ಆ ಕುಲುಕಾಟದಲ್ಲಿ ಲ್ಯಾಪ್‌ಟಾಪ್ ಪೂರ್ತಿ ಶಟ್‌ಡೌನ್ ಆಗಿರಲಿ. ಆಫ್ ಇದ್ದಾಗ ಹೆಡ್ ತಟ್ಟೆಯಿಂದ ಪಕ್ಕಕ್ಕೆ ಸರಿದು ಕೂತಿರುತ್ತದೆ. ಎಸ್ಎಸ್‌ಡಿ ಇದ್ದರೆ ಯೋಚನೆಯೇ ಬೇಡ, ಅದರಲ್ಲಿ ತಿರುಗುವುದು ಏನೂ ಇಲ್ಲ.

ಟಕ್ ಟಕ್ ಸದ್ದು ಬರುತ್ತಿದೆ. ಏನು ಮಾಡಲಿ?

ಆಫ್ ಮಾಡಿ. ಈಗಲೇ. ಹೆಡ್ ತಟ್ಟೆಯ ಮೇಲಿನ ಗುರುತು ಸಿಗದೆ ಹುಡುಕಿ ಹುಡುಕಿ ವಾಪಸ್ ಬರುತ್ತಿರುವ ಸದ್ದು ಅದು. ಪ್ರತಿ ಸಲ ಆನ್ ಮಾಡಿದಾಗಲೂ ತಟ್ಟೆ ಇನ್ನಷ್ಟು ಗೀಚಿ ಹೋಗಬಹುದು. ಫ್ರಿಜ್‌ನಲ್ಲಿಡುವುದು, ತಟ್ಟುವುದು ಯಾವುದೂ ಬೇಡ.

ಒಂದು ಒಳ್ಳೆಯ ಡಿಸ್ಕ್ ಇದ್ದರೆ ಸಾಲದಾ? ಎರಡು ಯಾಕೆ?

ನಮ್ಮ ಅಪ್ಪಯ್ಯ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದರು. ಮನೆಯಲ್ಲಿ ಅರವತ್ತು ಕ್ಯಾಸೆಟ್ ಇದ್ದವು. ಬೂಸ್ಟು ಹಿಡಿಯುತ್ತಿತ್ತು ಅಂತ ಒಂದು ಬೇಸಿಗೆ ಪೂರ್ತಿ ಕೂತು ಎಲ್ಲವನ್ನೂ ಕಂಪ್ಯೂಟರ್‌ಗೆ ಹಾಕಿ ಒಂದು 320 ಜಿಬಿ ಡಿಸ್ಕ್‌ಗೆ ತುಂಬಿದೆ. ಕೆಲಸ ಮುಗೀತು ಅಂತ ಕ್ಯಾಸೆಟ್ ಎಸೆದೆ. ಆ ಜುಲೈಯಲ್ಲಿ ಡಿಸ್ಕ್ ಓಡುತ್ತಿದ್ದಾಗಲೇ ನನ್ನ ಕಾಲಿಗೆ ವೈರ್ ಸಿಕ್ಕಿ ಅದು ಮೇಜಿನಿಂದ ಕೆಂಪು ನೆಲಕ್ಕೆ ಬಿತ್ತು. ಎರಡಡಿ ಎತ್ತರ. ಬಿಚ್ಚಿದಾಗ ತಟ್ಟೆಯ ಮೇಲೆ ಉಂಗುರದ ಹಾಗೆ ಗೀರು ಬಿದ್ದಿತ್ತು. ಅಪ್ಪಯ್ಯನ ದನಿ ಈಗ ಹನ್ನೊಂದು ನಿಮಿಷ ಉಳಿದಿದೆ, ಅದೂ ಅತ್ತೆ ಮಗ ತನ್ನ ಪೆನ್ ಡ್ರೈವ್‌ಗೆ ಹಾಕಿಕೊಂಡಿದ್ದರಿಂದ. ಮೇಜಿನ ಮೇಲೆ ಮುಚ್ಚಳ ತೆಗೆದು ಇಟ್ಟಿರುವುದು ಅದೇ ಡಿಸ್ಕ್.

ಒಂದು ಕಾಪಿ ಮನೆಯಲ್ಲಿ, ಇನ್ನೊಂದು ಬೇರೆ ಡಿಸ್ಕ್‌ನಲ್ಲಿ, ಆದರೆ ಬೇರೆ ಊರಿನ ನೆಂಟರ ಮನೆಯಲ್ಲಿ. ವರ್ಷಕ್ಕೊಮ್ಮೆ ಹಚ್ಚಿ, ತೆರೆದು ನೋಡಿ.

ಹಳೆಯ ಡಿಸ್ಕ್ ಗುಜರಿಗೆ ಹಾಕಬಹುದಾ?

ಹಾಗೇ ಹಾಕಬೇಡಿ, ಫಾರ್ಮ್ಯಾಟ್ ಮಾಡಿದ್ದರೂ ಒಳಗಿನದ್ದು ಓದಲು ಸಿಗಬಹುದು. ಕೆಲಸ ಮಾಡುತ್ತಿದ್ದರೆ ಕ್ವಿಕ್ ಅನ್ನುವ ಗುರುತು ತೆಗೆದು ಪೂರ್ತಿ ಫಾರ್ಮ್ಯಾಟ್ ಕೊಡಿ, ಕೆಲವು ಗಂಟೆ ಹಿಡಿಯುತ್ತದೆ. ಕೆಟ್ಟಿದ್ದರೆ ಡ್ರಿಲ್‌ನಿಂದ ತಟ್ಟೆಗೆ ಮೂರು ನಾಲ್ಕು ತೂತು ಹಾಕಿ. ಗಾಜಿನ ತಟ್ಟೆ ಚೂರುಚೂರಾಗಿ ಸಿಡಿಯುತ್ತದೆ, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಆಮೇಲೆ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಒಳಗಿನ ಎರಡು ಅಯಸ್ಕಾಂತ ಬೇಕಾದರೆ ಇಟ್ಟುಕೊಳ್ಳಬಹುದು. ಒಂದಕ್ಕೊಂದು ಅಂಟುವಾಗ ಬೆರಳು ಮಧ್ಯೆ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಿ.